ಪೋಂಪೋಂ ರಾಯರ ಮೌನವ್ರತ

ಪೋಂಪೋಂ ರಾಯರಿಗೆ ಆ ಹೆಸರು ಇಟ್ಟವರು ಅವರ ತಂದೆತಾಯಿಯಲ್ಲ, ಬೀದಿಯವರು. ರಾಯರು ನೀರು ಸರಬರಾಜು ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಅಲ್ಲಿ ಅವರು ಬಂದದ್ದಾಗಲಿ ಹೋದದ್ದಾಗಲಿ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಜವಾನ ಕೂಡ ಅವರನ್ನು ನೋಡಿದರೆ ಏಳುವುದೋ ಬೇಡವೋ ಎಂದು ಯೋಚಿಸುತ್ತಿದ್ದ, ಯೋಚನೆ ಮುಗಿಯುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಿದ್ದರು. ಆದ್ದರಿಂದ ತಾವು ಈ ಭೂಮಿಯ ಮೇಲೆ ಇದ್ದೇವೆಂದು ಜನಕ್ಕೆ ತಿಳಿಸುವ ಭಾರವನ್ನೆಲ್ಲ ರಾಯರು ತಮ್ಮ ವಾಹನದ ಹಾರ್ನಿನ ಮೇಲೆ ಹೊರಿಸಿದ್ದರು.

ಬೀದಿಯ ತಿರುವಿಗೆ ಬಂದರೆ ಒಂದು ಪೋಂ. ಮಲಗಿದ ನಾಯಿಗೆ ಒಂದು, ಎದ್ದು ಹೋದ ನಾಯಿಗೆ ಇನ್ನೊಂದು. ಮನೆಯ ಗೇಟಿನ ಮುಂದೆ ನಿಂತು, ಒಳಗಿಂದ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿ ಬಂದು ಗೇಟು ತೆಗೆಯುವ ತನಕ ಬಿಡುವಿಲ್ಲದ ಪೋಂಪೋಂ. ಇಳಿದು ತಾವೇ ತೆಗೆಯಬಹುದಿತ್ತು. ಆದರೆ ಸ್ವಂತ ಗೇಟು ಸ್ವತಃ ತೆಗೆಯುವವನು ಸೂಪರಿಂಟೆಂಡೆಂಟ್ ಹೇಗಾದಾನು?

ಪಕ್ಕದ ಮನೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿ ಇದ್ದರು. ಬೀದಿಗೆಲ್ಲ ಅವರು ಟೀಚರಮ್ಮ. ಅವರ ಯಜಮಾನರಿಗೆ ಹೃದಯದ ಕಾಯಿಲೆ. ಬೀದಿಯ ಕಡೆಯ ಕೋಣೆಯಲ್ಲೇ ಅವರ ಮಂಚ. ರಾತ್ರಿಯೆಲ್ಲ ಬಾರದ ನಿದ್ದೆ ಅವರಿಗೆ ಸಂಜೆಯ ಹೊತ್ತಿಗೆ ಅಷ್ಟಿಷ್ಟು ಬರುತ್ತಿತ್ತು. ಅದು ಬರುವ ಹೊತ್ತೂ ರಾಯರು ಕಚೇರಿಯಿಂದ ಬರುವ ಹೊತ್ತೂ ಒಂದೇ. ಟೀಚರಮ್ಮ ಹಲವು ಸಲ ಬಂದು, “ಸ್ವಲ್ಪ ಮೆಲ್ಲಗೆ ಬಾರಪ್ಪ, ಅವರು ಬೆಚ್ಚಿಬೀಳ್ತಾರೆ” ಎಂದು ಕೇಳಿದ್ದರು. ರಾಯರು ಪ್ರತಿ ಸಲವೂ “ಖಂಡಿತ ಅಮ್ಮಾ” ಎನ್ನುತ್ತಿದ್ದರು. ಅಷ್ಟು ಹೇಳುವ ಸೌಜನ್ಯ ಅವರಿಗಿತ್ತು. ಅದರಂತೆ ನಡೆಯುವುದು ಬೇರೆ ವಿಷಯ.

ಸ್ಕೂಟರಿನ ಕಾಲದಿಂದ ನಡೆದುಬಂದ ಈ ಪದ್ಧತಿ ಈಚೆಗೆ ಕಾರಿಗೆ ಬಡ್ತಿ ಪಡೆದಿತ್ತು. ಕಚೇರಿಯ ಸ್ಟೋರ್ ಕೀಪರ್ ಓಡಿಸಿ ಬಿಟ್ಟ ಕಾರನ್ನು ರಾಯರು ಕೊಂಡಿದ್ದರು. ಕೊಂಡ ದಿನ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಿಕ್ಕಸಿಕ್ಕವರಿಗೆಲ್ಲ “ಏಸಿ ಕಾರು” ಎಂದು ಹೇಳಿದ್ದರು. ಮರುದಿನ ಏಸಿ ಗುಂಡಿ ಒತ್ತಿದಾಗ ಹಸಿರು ದೀಪ ಹೊತ್ತಿಕೊಂಡಿತು, ಫ್ಯಾನು ಭರ್ರೆಂದಿತು, ಬಂದ ಗಾಳಿ ಮಾತ್ರ ಅಂಗಿಯ ಇಸ್ತ್ರಿಗೆ ಆಗುವಷ್ಟು ಬಿಸಿಯಾಗಿತ್ತು.

ಸ್ಟೋರ್ ಕೀಪರನ್ನು ಕೇಳಿದರೆ, “ನನ್ನ ಹತ್ರ ಇದ್ದಾಗ ಐಸ್ ಪೆಟ್ಟಿಗೆ ಇದ್ದಂಗಿತ್ತು ಸಾರ್. ನಿಮ್ಮ ಹಾರ್ನ್ ಕೇಳಿ ಕೇಳಿ ಅದಕ್ಕೂ ತಲೆ ಬಿಸಿಯಾಗಿರ್ಬೇಕು” ಎಂದು ಇಡೀ ಕಚೇರಿಯನ್ನು ನಗಿಸಿದ.

ರಾಯರ ಹೆಂಡತಿ ನಗಲಿಲ್ಲ. ಕಾರು ಬೇಡವೆಂದು ಮೊದಲೇ ಹೇಳಿದ್ದ ಹೆಂಗಸು ಆಕೆ. ಆಕೆಯ ತಾಯಿಗೆ ಕಣ್ಣಿನ ಆಪರೇಷನ್ ನಿಗದಿಯಾಗಿತ್ತು. ಆಸ್ಪತ್ರೆಯಿಂದ ಕರೆತರುವಾಗ ಕಣ್ಣಿಗೆ ಧೂಳು ಬೀಳಬಾರದು, ಬೆವರು ಇಳಿಯಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು.

“ನೋಡಿ, ಕಿಟಕಿ ಮುಚ್ಚಿ ತಣ್ಣಗೆ ಅಮ್ಮನ್ನ ಮನೆಗೆ ಕರ್ಕೊಂಡು ಬರೋಕಾದ್ರೆ ಈ ಕಾರು ನಮ್ಮನೇಲಿರುತ್ತೆ” ಎಂದಳು ಆಕೆ. “ಆಗಲ್ಲ ಅಂದ್ರೆ ಸ್ಟೋರ್ ಕೀಪರಿಗೆ ವಾಪಸ್. ಸ್ಕೂಟರಂತೂ ಮಾರಿ ಆಯ್ತು, ನೀವು ಬಸ್ಸಲ್ಲಿ ಹೋಗಿ. ಅಲ್ಲಿ ಹಾರ್ನ್ ಹೊಡೆಯೋಕೆ ಬೇರೆಯವರಿದ್ದಾರೆ.”

ಸ್ಟೋರ್ ಕೀಪರನ ಮುಂದೆ ಕಾರಿನ ಕೀಲಿ ಹಿಡಿದು ನಿಲ್ಲುವ ಚಿತ್ರ ಕಣ್ಣಿಗೆ ಕಟ್ಟಿದ್ದೇ ರಾಯರು ಏಸಿಯನ್ನು ಸರಿಮಾಡುವ ಪಣ ತೊಟ್ಟರು. ಮೆಕ್ಯಾನಿಕ್ ಬಳಿ ಹೋಗಬಹುದಿತ್ತಲ್ಲ ಎಂದರೆ, “ಎಂಜಿನ್ ವಿಷಯ ನನಗೆ ಬಿಡಿ” ಎಂದು ಅವರು ಬೀದಿಯಲ್ಲಿ ಹೇಳಿಕೊಂಡು ತಿರುಗಿದ್ದರು. ಹಾಗೆ ಹೇಳಿದ ಮೇಲೆ ಮೆಕ್ಯಾನಿಕ್‌ನ ಅಂಗಡಿಯ ಮುಂದೆ ಕಾಣಿಸಿಕೊಳ್ಳುವುದು ಹೇಗೆ?

ಭಾನುವಾರ ಬೆಳಿಗ್ಗೆ ರಾಯರು ಮನೆಯ ಮುಂದೆ ಕಾರಿನ ಬಾನೆಟ್ ಎತ್ತಿದರು. ಎತ್ತಿದ ಬಾನೆಟ್ಟಿಗೂ ಗಂಡಸರಿಗೂ ಏನು ನಂಟೋ ದೇವರೇ ಬಲ್ಲ. ಮನೆಯಲ್ಲಿ ಹಾಲು ಉಕ್ಕಿದರೆ ಎದ್ದು ಬರದವರು, ಎದುರು ಮನೆಯ ಬಾನೆಟ್ ಎತ್ತಿದ ಸದ್ದಿಗೆ ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ಬರುತ್ತಾರೆ. ಹಾಗೆ ಬಂದವರಲ್ಲಿ ಮೊದಲಿಗರು ಎದುರು ಮನೆಯ ವಕೀಲರು.

“ಗ್ಯಾಸ್ ಹೋಗಿದೆ” ಎಂದರು ವಕೀಲರು, ಕಾರಿನ ಒಳಗೆ ನೋಡುವ ಮೊದಲೇ.

“ಗ್ಯಾಸ್ ಇದೆ. ಕಂಪ್ರೆಸರ್ ಹಿಡೀತಾ ಇಲ್ಲ” ಎಂದರು ರಾಯರು. ಆ ಮಾತನ್ನು ಅವರು ಹಿಂದಿನ ರಾತ್ರಿ ಮೊಬೈಲಿನಲ್ಲಿ ಕಲಿತಿದ್ದರು. ಹುಡುಕಿ ಹುಡುಕಿ ಒಂದು ವಿಡಿಯೊ ನೋಡಿ, ಎದ್ದು ಬಂದಿದ್ದರು.

“ಎಲ್ಲಿದೆ ಕಂಪ್ರೆಸರ್?”

ರಾಯರು ಬೆರಳು ತೋರಿದರು. ವಕೀಲರು ಬಗ್ಗಿ ನೋಡಿದರು. ಎಂಜಿನ್ ಓಡುತ್ತಿತ್ತು. ಬೆಲ್ಟು ಗಿರ್ರೆಂದು ತಿರುಗುತ್ತಿತ್ತು. ಕಂಪ್ರೆಸರಿನ ಮೂತಿಯ ಮೇಲಿದ್ದ ದುಂಡನೆಯ ತಟ್ಟೆ ಮಾತ್ರ ಸುತ್ತಲಿನ ಗದ್ದಲಕ್ಕೂ ತನಗೂ ಸಂಬಂಧವೇ ಇಲ್ಲವೆನ್ನುವ ಹಾಗೆ ಸುಮ್ಮನಿತ್ತು.

“ಈ ತಟ್ಟೆ ಟಕ್ ಅಂತ ಹೋಗಿ ಅಂಟಿಕೊಂಡು ಬೆಲ್ಟಿನ ಜೊತೆ ತಿರುಗ್ಬೇಕು. ಆಗ ತಂಪು” ಎಂದು ರಾಯರು ವಿವರಿಸಿದರು.

“ಕೋಲು ತಗೊಂಡು ತಳ್ಳಿ ನೋಡಿ” ಎಂದರು ವಕೀಲರು.

“ನಿಮ್ಮ ಕೋರ್ಟಲ್ಲಿ ಸಾಕ್ಷಿಗಳನ್ನ ಹಾಗೆ ತಳ್ತೀರೇನೋ. ಇದು ಯಂತ್ರ ಸ್ವಾಮಿ.”

ವಕೀಲರು ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರು. ವಕೀಲರು ಯಾವ ಮಾತನ್ನೂ ಹಾಗೇ ಬಿಡುವ ಪೈಕಿಯಲ್ಲ.

ವಿಡಿಯೊದ ಮನುಷ್ಯ ಹೇಳಿದ್ದು ಬಹಳ ಸರಳವಾಗಿತ್ತು. ಫ್ಯೂಸ್ ಡಬ್ಬಿಯಲ್ಲಿ ರಿಲೇ ಎಂಬ ಪುಟ್ಟ ಕಪ್ಪು ಪೆಟ್ಟಿಗೆಗಳಿರುತ್ತವೆ. ಒಂದು ಏಸಿಯದು, ಪಕ್ಕದ್ದು ಹಾರ್ನಿನದು. ಎರಡೂ ಅವಳಿಜವಳಿ. ಏಸಿಯದು ಕೆಟ್ಟಿದೆಯೇ ಎಂದು ತಿಳಿಯಬೇಕಾದರೆ ಹಾರ್ನಿನದನ್ನು ಕಿತ್ತು ಅಲ್ಲಿ ಹಾಕಿ ನೋಡಿ. ರಾಯರು ಹಾಗೆಯೇ ಮಾಡಿದರು. ಕಿತ್ತ ಕೆಟ್ಟ ರಿಲೇಯನ್ನು ಹಾರ್ನಿನ ಜಾಗದಲ್ಲಿ ಒತ್ತಿಟ್ಟರು, ಜಾಗ ಖಾಲಿ ಬಿಟ್ಟರೆ ನೋಡಿದವರು ಏನೆಂದುಕೊಂಡಾರು ಎಂದು.

ಟಕ್!

ತಟ್ಟೆ ತಿರುಗಿತು. ಕಾರಿನೊಳಗಿಂದ ಹೆಂಡತಿ ಕೈಯನ್ನು ಜಾಲರಿಗೆ ಹಿಡಿದು ನೋಡಿ, “ತಣ್ಣಗಿದೆ ಕಣ್ರೀ!” ಎಂದಳು. ಮದುವೆಯಾದಾಗಿನಿಂದ ಆಕೆ ರಾಯರನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದಿಲ್ಲ. ರಾಯರ ಎದೆ ಉಬ್ಬಿತು. ವಕೀಲರ ಮುಖದ ಸೋಪು ಒಣಗಿತು.

ವಿಡಿಯೊದಲ್ಲಿ ಇನ್ನೂ ಸ್ವಲ್ಪ ಬಾಕಿಯಿತ್ತು. ಹೀಗೆ ಪರೀಕ್ಷೆ ಮಾಡಿದ ಮೇಲೆ ಅಂಗಡಿಗೆ ಹೋಗಿ ಹೊಸ ರಿಲೇ ತನ್ನಿ ಎಂದು ಆ ಮನುಷ್ಯ ಹೇಳಿದ್ದ. ಆದರೆ ರಾಯರು ‘ಟಕ್’ ಎಂದಲ್ಲಿಗೆ ಮೊಬೈಲ್ ಆರಿಸಿ ಮಲಗಿಬಿಟ್ಟಿದ್ದರು. ಗೆದ್ದ ಮೇಲೂ ಪಾಠ ಕೇಳುವವರು ಎಷ್ಟು ಜನ ಇದ್ದಾರೆ, ಹೇಳಿ?

ಮರುದಿನ ಸಂಜೆ ರಾಯರು ಕಿಟಕಿ ಏರಿಸಿ, ತಣ್ಣಗೆ, ಬೀದಿಗೆ ಬಂದರು. ತಿರುವಿನಲ್ಲಿ ಸ್ಟೀರಿಂಗ್ ಒತ್ತಿದರು. ಕಿಟಕಿ ಮುಚ್ಚಿದ್ದರಿಂದ ತಮಗೆ ಕೇಳಿಸಲಿಲ್ಲ ಎಂದುಕೊಂಡರು. ಮಲಗಿದ್ದ ನಾಯಿಗೆ ಒತ್ತಿದರು. ನಾಯಿ ಕಿವಿ ಕೂಡ ಅಲ್ಲಾಡಿಸಲಿಲ್ಲ. ಗೇಟಿನ ಮುಂದೆ ನಿಂತು ಒಂದು ಸಲ ಒತ್ತಿ, ಎರಡು ಸಲ ಒತ್ತಿ, ಆಮೇಲೆ ಮುಷ್ಟಿ ಕಟ್ಟಿ ಗುದ್ದತೊಡಗಿದರು. ಕಾರು ಉಸಿರೆತ್ತಲಿಲ್ಲ.

ಟೀಚರಮ್ಮ ತಮ್ಮ ಮನೆಯ ಕಾಂಪೌಂಡಿನ ಬಳಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಅವರು ಹತ್ತಿರ ಬಂದರು. ರಾಯರು ಕಿಟಕಿ ಇಳಿಸಿದರು.

“ಏನಪ್ಪ, ಇವತ್ತು ಹಾರ್ನೇ ಇಲ್ಲ?”

ಕೆಟ್ಟಿದೆ ಎನ್ನಬಹುದಿತ್ತು. ಆದರೆ ಹಿಂದಿನ ದಿನವಷ್ಟೇ ಇಡೀ ಬೀದಿಯ ಮುಂದೆ ಕಾರು ಸರಿಮಾಡಿದ ಮನುಷ್ಯ ಇವತ್ತು ಕೆಟ್ಟಿದೆ ಎನ್ನುವುದು ಹೇಗೆ? ಎದುರು ಮನೆಯ ಮಹಡಿಯಲ್ಲಿ ವಕೀಲರು ಬೇರೆ ಬಟ್ಟೆ ಒಣಗಿಸುವ ನೆಪದಲ್ಲಿ ನಿಂತಿದ್ದರು. ರಾಯರ ಬಾಯಿಂದ ಮಾತು ತಾನಾಗಿ ಬಂತು.

“ಬಿಟ್ಟುಬಿಟ್ಟೆ ಅಮ್ಮಾ.”

“ಏನು ಬಿಟ್ಟೆ?”

“ಹಾರ್ನ್ ಹೊಡೆಯೋದನ್ನ. ಶಬ್ದ ಮಾಲಿನ್ಯ ನೋಡಿ ಅಮ್ಮಾ. ಎಷ್ಟು ಜನಕ್ಕೆ ತೊಂದರೆ! ಇನ್ನು ಮುಂದೆ ಈ ಕೈ ಹಾರ್ನ್ ಮುಟ್ಟಲ್ಲ.”

ಆ ಕೈ ಇನ್ನೂ ಗುದ್ದಿದ ನೋವಿಗೆ ಕೆಂಪಾಗಿತ್ತು. ಟೀಚರಮ್ಮ ಅದನ್ನೊಮ್ಮೆ ನೋಡಿದರು, ರಾಯರ ಮುಖವನ್ನೊಮ್ಮೆ ನೋಡಿದರು. ನೀರಿನ ತಂಬಿಗೆ ಕೆಳಗಿಟ್ಟು ತಾವೇ ಹೋಗಿ ರಾಯರ ಮನೆಯ ಗೇಟು ತೆಗೆದರು. ಎಪ್ಪತ್ತು ದಾಟಿದ ಹೆಂಗಸು ಗೇಟು ಹಿಡಿದು ನಿಂತಿರುವಾಗ ಸೂಪರಿಂಟೆಂಡೆಂಟರು ಕಾರಿನಲ್ಲೇ ಕೂತು ಒಳಗೆ ಹೋದರು. ಅಷ್ಟೂ ಸಂಕೋಚ ಇಲ್ಲದ ಜನ.

ಆ ರಾತ್ರಿ ಟೀಚರಮ್ಮ ಬಿಡಿಸಿದ ಕಿತ್ತಳೆ ತೊಳೆಗಳನ್ನು ತಟ್ಟೆಯಲ್ಲಿಟ್ಟು ಕಳಿಸಿ, “ಅವರು ಇವತ್ತು ಸಂಜೆ ಗಾಢವಾಗಿ ಮಲಗಿದ್ರು. ಎಷ್ಟೋ ತಿಂಗಳಾಗಿತ್ತು” ಎಂದು ಹೇಳಿಸಿದರು. ರಾಯರು ಕಿತ್ತಳೆ ತಿಂದರು. ಸೋಮವಾರದಿಂದ ಶನಿವಾರದೊಳಗೆ ಟೀಚರಮ್ಮ ಬೀದಿಯ ಮನೆಮನೆಯಲ್ಲೂ ಆ ಸುದ್ದಿ ಹೇಳಿದರು. “ನಮ್ಮ ಪಕ್ಕದ ಮನೆಯವರು ಹಾರ್ನ್ ಬಿಟ್ಟಿದ್ದಾರೆ. ಎಂಥ ಮನಸ್ಸು ನೋಡಿ!”

ಹಾರ್ನ್ ಸತ್ತದ್ದು ಆ ಕೆಟ್ಟ ರಿಲೇಯಿಂದ ಎಂದು ರಾಯರಿಗೆ ಆ ರಾತ್ರಿಯೇ ಹೊಳೆದಿತ್ತು; ಹೊಸದು ತರಬೇಕೆಂದು ಮೊದಲೆರಡು ದಿನ ನೆನಪೂ ಇತ್ತು. ಆಮೇಲೆ ಹೊಡೆಯದ ಹಾರ್ನಿಗೆ ರಿಲೇ ಯಾಕೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಹಾರ್ನ್ ಹೊಡೆದು ಇಷ್ಟು ವರ್ಷ ಸಿಗದಿದ್ದ ಮರ್ಯಾದೆ ಹೊಡೆಯದೆ ಸಿಗುತ್ತಿತ್ತು. ಬೀದಿಯ ಹೆಂಗಸರು ಅವರ ಕಾರು ಬಂದರೆ ನಿಂತು ದಾರಿ ಕೊಡುತ್ತಿದ್ದರು. ಮಹಾನುಭಾವರು ಅದನ್ನು ತಮ್ಮ ಗುಣಕ್ಕೆ ಸಂದ ಗೌರವವೆಂದು ತಿಳಿದು ತಲೆಯಾಡಿಸುತ್ತಿದ್ದರು. ಕಾರು ಸದ್ದಿಲ್ಲದೆ ಬೆನ್ನಿಗೆ ಬಂದು ನಿಂತುಬಿಡುತ್ತದೆ ಎಂಬ ಹೆದರಿಕೆಗೆ ಆ ಹೆಂಗಸರು ದಾರಿ ಬಿಡುತ್ತಿದ್ದರೆಂಬುದು ರಾಯರಿಗೆ ಹೊಳೆಯಲಿಲ್ಲ. ಹೆಂಡತಿ ಮಾತ್ರ ಗಂಡ ಬರುವ ಹೊತ್ತಿಗೆ ಗೇಟಿನ ಬಳಿ ಕಿವಿಕೊಟ್ಟು ಕೂತಿದ್ದು, ಚಕ್ರದ ಸದ್ದಿಗೇ ಎದ್ದು ತೆಗೆಯುತ್ತಿದ್ದಳು. ಅದನ್ನು ರಾಯರು ಗಮನಿಸಿದ್ದೂ ಇಲ್ಲ.

ಕಚೇರಿಯಲ್ಲಿ ಅವರು ಶಬ್ದದ ಮೇಲೆ ಭಾಷಣ ಶುರುಮಾಡಿದರು. “ಹಾರ್ನ್ ಅನ್ನೋದು ಮನುಷ್ಯನ ಒಳಗಿನ ಅಹಂಕಾರ ಕಣ್ರೀ” ಎಂದು ಸ್ಟೋರ್ ಕೀಪರಿಗೆ ಹೇಳಿದರು.

“ನಿಮ್ಮ ಒಳಗಿಂದ ಅಷ್ಟೆಲ್ಲಾ ಹೋಯ್ತಾ ಸಾರ್? ಹಾಗಾದ್ರೆ ಉಳಿದಿರೋದೇನು?” ಎಂದ ಸ್ಟೋರ್ ಕೀಪರ್.

ಬೀದಿಯ ಗಂಡಸರಿಗೆ ಸಂಕಟ ಶುರುವಾಯಿತು. ಯಾರಾದರೂ ಹಾರ್ನ್ ಒತ್ತಿದರೆ ಅವರವರ ಹೆಂಡಂದಿರೇ, “ಪೋಂಪೋಂ ರಾಯರೇ ಬಿಟ್ಟಿದ್ದಾರೆ, ನಿಮಗೇನು ಬಂದಿದೆ ರೋಗ?” ಎನ್ನುತ್ತಿದ್ದರು. ವಕೀಲರ ಹೆಂಡತಿ ಅದನ್ನು ದಿನಕ್ಕೆರಡು ಸಲ ಹೇಳುತ್ತಿದ್ದಳು. ವಕೀಲರಿಗೆ ನಿದ್ದೆ ಬಾರದಾಯಿತು.

ಆಗ ಈ ಸುದ್ದಿ ಕೇಳಿ ಬಂದವರು ಸಂಚಾರ ಪೊಲೀಸ್ ಇನ್ಸ್‌ಪೆಕ್ಟರು. ಅವರಿಗೆ ಮೇಲಿನವರಿಂದ ಹಾರ್ನ್ ವಿರೋಧಿ ಸಪ್ತಾಹ ಮಾಡಬೇಕೆಂಬ ಅಪ್ಪಣೆಯಾಗಿತ್ತು. ಸಪ್ತಾಹಕ್ಕೆ ಜೀಪು ಸಿಕ್ಕಿತ್ತು, ಮೈಕು ಸಿಕ್ಕಿತ್ತು, ಫಲಕ ಮಾಡಿಸಿ ಆಗಿತ್ತು; ಕೊಡಲು ಹಾರ್ನ್ ಹೊಡೆಯದ ಒಬ್ಬ ಮನುಷ್ಯ ಸಿಕ್ಕಿರಲಿಲ್ಲ.

“ಸಾರ್, ನಿಮ್ಮಂಥವರು ಊರಿಗೆ ಒಬ್ಬರಿದ್ದರೆ ಸಾಕು ಸಾರ್” ಎಂದು ಇನ್ಸ್‌ಪೆಕ್ಟರು ರಾಯರ ಕೈ ಹಿಡಿದರು. “ಭಾನುವಾರ ಕಣ್ಣಾಸ್ಪತ್ರೆ ಮುಂದಿನಿಂದ ಮೌನ ಜಾಥಾ. ಮುಂದೆ ನಮ್ಮ ಜೀಪು, ಹಿಂದೇನೇ ನಿಮ್ಮ ಕಾರು. ಆಮೇಲೆ ಇಡೀ ಊರು.”

“ಭಾನುವಾರ ಆಗಲ್ಲ. ಅಮ್ಮನ್ನ ಅವತ್ತೇ ಆಸ್ಪತ್ರೆಯಿಂದ ಕಳಿಸ್ತಾರೆ” ಎಂದಳು ಹೆಂಡತಿ.

“ಅದೇ ಆಸ್ಪತ್ರೆ ತಾನೇ ಅಮ್ಮಾ? ತಾಯಿಯವರನ್ನೂ ಅದೇ ಕಾರಲ್ಲಿ ಕೂರಿಸಿ. ಜಾಥಾ ನಿಮ್ಮ ಮನೆ ದಾರೀಲೇ ಹೋಗೋದು. ಪೊಲೀಸ್ ಜೀಪಿನ ಹಿಂದೆ ಬರೋ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತೆ?”

“ಅದು ಯಾರಿಗೆ ಸಿಗುತ್ತೆ ಅಂತ ನನಗೆ ಗೊತ್ತು” ಎಂದು ಆಕೆ ಗೊಣಗಿಕೊಂಡು ಒಳಗೆ ಹೋದಳು. ಹೋಗುತ್ತ ತಿರುಗಿ, “ಕಾರು ತಣ್ಣಗಿರ್ಬೇಕು. ಹೇಳಿದ್ದು ನೆನಪಿದೆಯಲ್ಲ?” ಎಂದಳು.

“ಫ್ರಿಜ್ ಇದ್ದಂಗಿರುತ್ತೆ ಕಣೇ” ಎಂದರು ರಾಯರು.

ಭಾನುವಾರ ಬಿಸಿಲು ತಲೆ ಸೀಳುವ ಹಾಗಿತ್ತು. ಆಸ್ಪತ್ರೆಯ ಮುಂದೆ, ‘ನಿಶ್ಶಬ್ದ ವಲಯ’ ಎಂಬ ಹಲಗೆಯ ಕೆಳಗೆ, ಇನ್ಸ್‌ಪೆಕ್ಟರು ಮೈಕಿನಲ್ಲಿ ಕಿವಿ ಕಿತ್ತುಹೋಗುವಂತೆ “ಶಬ್ದ ಮಾಡಬೇಡಿ! ಶಬ್ದ ಮಾಡಬೇಡಿ!” ಎಂದು ಕೂಗುತ್ತಿದ್ದರು. ರಾಯರ ಕಾರಿನಲ್ಲಿ ಏಸಿ ಓಡುತ್ತಿತ್ತು. ಹಿಂದಿನ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿದ್ದ ಅತ್ತೆಯವರು ಕೂತಿದ್ದರು. ಒಬ್ಬರೇ ಹಿಂದೆ ಕೂತರೆ ಮುದುಕಿಗೆ ಗಾಬರಿಯಾದೀತೆಂದು ಟೀಚರಮ್ಮ ತಾವಾಗಿ ಜೊತೆಗೆ ಬಂದು ಅವರ ಕೈ ಹಿಡಿದು ಕೂತಿದ್ದರು. ಮುಂದೆ ಹೆಂಡತಿ.

“ಸ್ವರ್ಗದ ಹಾಗಿದೆ ಅಳಿಯಂದ್ರೇ” ಎಂದರು ಅತ್ತೆಯವರು. ರಾಯರು ಹೆಂಡತಿಯ ಕಡೆ ನೋಡಿದರು. ಇನ್ನೇನು ಕಾರು ಗೆದ್ದಂತೆಯೇ.

ಆಗ ವಕೀಲರು ತಮ್ಮ ಕಾರಿನಿಂದ ಇಳಿದು ಇನ್ಸ್‌ಪೆಕ್ಟರ ಬಳಿ ಬಂದರು.

“ಒಂದು ಅಡ್ಡ ಪ್ರಶ್ನೆ ಸ್ವಾಮಿ. ಫಲಕ ಕೊಡ್ತಿರೋದು ಯಾತಕ್ಕೆ?”

“ಹಾರ್ನ್ ಹೊಡೆಯದಿರೋದಕ್ಕೆ.”

“ಹಾರ್ನ್ ಇದ್ದೂ ಹೊಡೆಯದಿರೋದಕ್ಕೋ, ಇಲ್ಲದೇ ಹೊಡೆಯದಿರೋದಕ್ಕೋ? ನಾನೂ ವಿಮಾನ ಓಡಿಸೋದು ಬಿಟ್ಟಿದ್ದೀನಿ. ನನಗೂ ಒಂದು ಫಲಕ ಕೊಡ್ತೀರಾ?”

ಸುತ್ತಲಿದ್ದವರು ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ. ಕಾನೂನಿನ ಪ್ರಕಾರ ಪ್ರತಿ ವಾಹನಕ್ಕೂ ಹಾರ್ನ್ ಇರಲೇಬೇಕು, ಕೆಟ್ಟಿದ್ದರೆ ದಂಡ. ದಂಡ ಹಾಕಬೇಕಾದವನಿಗೆ ಫಲಕ ಕೊಟ್ಟರೆ ಮೇಲಿನವರು ತಮ್ಮ ಟೋಪಿ ಕಿತ್ತಾರು. ಅವರು ರಾಯರ ಕಿಟಕಿಗೆ ಬಂದು ಬಗ್ಗಿದರು.

“ಸಾರ್, ಒಂದೇ ಒಂದು ಸಲ ಹಾರ್ನ್ ಹೊಡೆದುಬಿಡಿ.”

“ನಾನಾ? ಹಾರ್ನಾ? ವ್ರತ ಇದೆಯಲ್ಲ ಸಾರ್!”

“ನೀವು ಹೊಡೆಯಲ್ಲ ಅಂತ ತೋರಿಸೋದಕ್ಕೆ ಒಂದ್ಸಲ ಹೊಡೀಬೇಕು ಸಾರ್. ಆಮೇಲೆ ಬಿಡಿ, ಜೀವಮಾನ ಪೂರ್ತಿ ಹೊಡೀಬೇಡಿ.”

ರಾಯರು ಕಾರಿನಿಂದ ಇಳಿದು, “ಎಂಜಿನ್ ಆಯಿಲ್ ನೋಡಿಬಿಡ್ತೀನಿ” ಎಂದು ಬಾನೆಟ್ ಎತ್ತಿದರು. ಹಾರ್ನಿಗೂ ಎಂಜಿನ್ ಆಯಿಲಿಗೂ ಏನು ಸಂಬಂಧ ಎಂದು ಅಲ್ಲಿದ್ದ ಒಬ್ಬ ಗಂಡಸೂ ಕೇಳಲಿಲ್ಲ. ಎಲ್ಲರೂ ತಮಗೆ ಗೊತ್ತಿರುವವರ ಹಾಗೆ ತಲೆಯಾಡಿಸಿದರು. ಬಾನೆಟ್ಟಿನ ಮರೆಯಲ್ಲಿ ರಾಯರು ಬೆರಳು ಸುಟ್ಟುಕೊಂಡು ಎರಡೂ ರಿಲೇ ಕಿತ್ತು ಅದಲುಬದಲು ಮಾಡಿದರು. ಒಳಗೆ ಕಂಪ್ರೆಸರಿನ ತಟ್ಟೆ ನಿಂತಿತು.

ಬಂದು ಕೂತು ಸ್ಟೀರಿಂಗ್ ಒತ್ತಿದರು.

ಪೋಂ!

ಎಷ್ಟು ವಾರಗಳ ಹಸಿವು! ಒಂದು ಸಲ ಎಂದದ್ದು ನಿಲ್ಲಲೇ ಇಲ್ಲ. ರಾಯರು ಕಣ್ಣು ಮುಚ್ಚಿ, ಎರಡೂ ಅಂಗೈ ಊರಿ, ಪೋಂಪೋಂ ಪೋಂಪೋಂ ಎನ್ನಿಸಿದರು. ಆಸ್ಪತ್ರೆಯ ಕಿಟಕಿಗಳಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿದವರೆಲ್ಲ ಬಂದು ನಿಂತರು. ಒಬ್ಬ ನರ್ಸ್ ಮೆಟ್ಟಿಲಿಳಿದು ಓಡಿ ಬಂದಳು.

“ಯಾರ್ರೀ ಅದು? ಬೋರ್ಡ್ ಓದೋಕೆ ಬರಲ್ವಾ? ನಿಮಗೇ ಮೊದಲು ಕಣ್ಣು ಆಪರೇಷನ್ ಮಾಡ್ಬೇಕು!”

“ಶಬ್ದ ನಿಯಂತ್ರಣ ಕಾರ್ಯಕ್ರಮ ಸಿಸ್ಟರ್” ಎಂದರು ಇನ್ಸ್‌ಪೆಕ್ಟರು ತಲೆ ತಗ್ಗಿಸಿ. ಆಮೇಲೆ ಕಿಟಕಿಯೊಳಗೆ ಕೈ ಹಾಕಿ ರಾಯರ ಭುಜ ಅಲುಗಿಸಿದರು. “ಸಾಕು ಸಾರ್! ನಂಬಿಕೆ ಬಂತು ಸಾರ್!”

ವಕೀಲರು ಸೋತ ಮುಖದಲ್ಲಿ ತಮ್ಮ ಕಾರು ಹತ್ತಿದರು. ಚಪ್ಪಾಳೆಯಾಯಿತು. ಜಾಥಾ ಹೊರಟಿತು. ಮುಂದೆ ಮೈಕು ಹೊತ್ತ ಜೀಪು, ಹಿಂದೆ ರಾಯರು, ಅವರ ಬೆನ್ನಿಗೇ ವಕೀಲರು, ಆಮೇಲೆ ಕಾರು, ಸ್ಕೂಟರು, ಲಾರಿಗಳ ಸಾಲು.

ಸ್ವರ್ಗ ಬೇಯತೊಡಗಿದ್ದು ಒಂದು ತಿರುವು ದಾಟುವಷ್ಟರಲ್ಲಿ. ಮುಚ್ಚಿದ ಕಿಟಕಿ, ಮೇಲೆ ಬಿಸಿಲು, ಜಾಲರಿಯಿಂದ ಬಿಸಿಗಾಳಿ.

“ರೀ, ಏಸಿ ಏನಾಯ್ತು?”

“ಬರುತ್ತೆ ಇರು.”

“ಎಲ್ಲಿಂದ ಬರುತ್ತೆ? ಅಮ್ಮನ ಹಣೆ ಬೆವರ್ತಾ ಇದೆ!”

ಟೀಚರಮ್ಮ ಕೈಚೀಲದಿಂದ ಶುಭ್ರವಾದ ಕರವಸ್ತ್ರ ತೆಗೆದು, ಬೆವರು ಕಣ್ಣಿಗಿಳಿಯುವ ಮೊದಲೇ ಅತ್ತೆಯವರ ಹಣೆಯನ್ನು ಮೆಲ್ಲಗೆ ಒತ್ತುತ್ತಿದ್ದರು. “ಏನೂ ಆಗಲ್ಲಮ್ಮಾ, ನಾನಿದ್ದೀನಿ” ಎನ್ನುತ್ತಿದ್ದರು.

“ಅಳಿಯಂದ್ರೇ, ಸ್ವಲ್ಪ ಗಾಳಿ…” ಎಂದರು ಅತ್ತೆಯವರು.

“ಕಿಟಕಿ ತೆಗೆದ್ರೆ ಧೂಳು, ಮುಚ್ಚಿದ್ರೆ ಬೆವರು” ಎಂದಳು ಹೆಂಡತಿ. ಆಕೆಯ ದನಿ ಈಗ ಏರಲಿಲ್ಲ, ಇಳಿಯಿತು. ಅದು ಏರುವುದಕ್ಕಿಂತ ಕೆಟ್ಟದ್ದೆಂದು ರಾಯರಿಗೆ ಅನುಭವವಿತ್ತು. “ನಾಳೆ ಬೆಳಿಗ್ಗೆ ಈ ಕಾರು ಸ್ಟೋರ್ ಕೀಪರ್ ಮನೆ ಮುಂದೆ ಇರುತ್ತೆ. ನಾನೇ ತಳ್ಕೊಂಡು ಹೋಗಿ ನಿಲ್ಲಿಸ್ತೀನಿ.”

ರಾಯರು ನಾಲ್ಕು ರಸ್ತೆ ಸೇರುವಲ್ಲಿ, ನಟ್ಟನಡುವೆ, ಗಕ್ಕನೆ ಬ್ರೇಕು ಹಾಕಿದರು. ಇಳಿದು ಬಾನೆಟ್ ಎತ್ತಿದರು.

ಜೀಪಿನವರಿಗೆ ಹಿಂದೆ ನೋಡುವ ಅಭ್ಯಾಸವಿರಲಿಲ್ಲ. ಅದು ಖಾಲಿ ರಸ್ತೆಗೆ ಉಪದೇಶ ಮಾಡುತ್ತ ಮುಂದೆ ಹೋಯಿತು. ಹಿಂದಿನ ವಾಹನಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತವು. ಹಾರ್ನ್ ಹೊಡೆಯುವಂತಿಲ್ಲ, ಹೊಡೆಯಬಾರದೆಂದೇ ಹೊರಟ ಮೆರವಣಿಗೆ. ಲಾರಿಯವನು ಕಿಟಕಿಯಿಂದ ಅರ್ಧ ದೇಹ ಹೊರಹಾಕಿ ಕೈಸನ್ನೆಯಲ್ಲೇ ರಾಯರ ವಂಶದ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿದ. ಸ್ಕೂಟರಿನವರು ಹಲ್ಲು ಕಡಿದರು. ನಡುಬಿಸಿಲು ಎಲ್ಲರ ನೆತ್ತಿಯ ಮೇಲಿತ್ತು. ರಾಯರ ಬೆರಳುಗಳು ಬೆವರಿ ರಿಲೇ ಜಾರಿ ಎಂಜಿನ್ನಿನ ಸಂದಿಗೆ ಬಿತ್ತು. ಅದನ್ನು ಎತ್ತಲು ಅವರು ತೋಳಿನವರೆಗೆ ಒಳಗೆ ಹೋದರು. ರಸ್ತೆಗೆ ಕಾಣುತ್ತಿದ್ದುದು ಸೂಪರಿಂಟೆಂಡೆಂಟರ ಹಿಂಭಾಗವೊಂದೇ.

ಎಲ್ಲರಿಗಿಂತ ಮೊದಲು ತಡೆದುಕೊಳ್ಳಲಾರದೆ ಹೋದವರು ವಕೀಲರು. ‘ಪೀ’ ಎಂದು ಒಂದು ಸಣ್ಣ ಸದ್ದು ಬಂತು. ಅವರೇ ಬೆಚ್ಚಿ ಕೈ ತೆಗೆದರು. ಆದರೆ ಕಟ್ಟೆ ಒಡೆದಾಗಿತ್ತು. ಲಾರಿ ಭೋಂ ಎಂದಿತು. ಅದರ ಹಿಂದಿನ ಕಾರುಗಳು, ಸ್ಕೂಟರುಗಳು, ಎಲ್ಲಿಂದಲೋ ಬಂದು ಸಿಕ್ಕಿಕೊಂಡ ಬಸ್ಸು, ಎಲ್ಲ ಸೇರಿ ನಾಲ್ಕೂ ರಸ್ತೆಯಲ್ಲಿ ಕಾಗೆಗಳು ಹಾರಿಹೋಗುವಂಥ ಆರ್ಭಟ ಎದ್ದಿತು. ಆ ಊರಿನಲ್ಲಿ ಅಷ್ಟು ಹಾರ್ನ್ ಒಟ್ಟಿಗೆ ಕೂಗಿದ್ದು ಅದೇ ಮೊದಲು.

ಅಷ್ಟರಲ್ಲಿ ರಾಯರು ರಿಲೇ ಹೆಕ್ಕಿ, ಎರಡನ್ನೂ ಮತ್ತೆ ಬದಲಿಸಿ, ಬಾನೆಟ್ ಬಡಿದು ಒಳಗೆ ಬಂದು ಕೂತರು. ಟಕ್! ತಣ್ಣನೆಯ ಗಾಳಿ ಬಂತು. ಅತ್ತೆಯವರು “ಅಬ್ಬಾ” ಎಂದು ಒರಗಿದರು. ಟೀಚರಮ್ಮ ಕರವಸ್ತ್ರ ಮಡಿಸಿದರು.

ಬೆನ್ನ ಹಿಂದಿನಿಂದ ವಕೀಲರ ಹಾರ್ನ್ ಬಿಡದೆ ಚುಚ್ಚುತ್ತಿತ್ತು. ರಾಯರ ಮೈಯೆಲ್ಲ ಉರಿಯಿತು. ತನಗೇ ಹಾರ್ನ್ ಹೊಡೆಯುತ್ತಾನೆಯೇ, ಈ ವಕೀಲ! ಪೋಂಪೋಂ ರಾಯರಿಗೇ! ಅವರು ಸ್ಟೀರಿಂಗನ್ನು ಎರಡೂ ಕೈಯಿಂದ ಗುದ್ದತೊಡಗಿದರು. ಗುದ್ದಿದರು, ಮೊಣಕೈ ಊರಿ ಒತ್ತಿದರು, ಮತ್ತೆ ಗುದ್ದಿದರು. ಕಾರು ಮಾತ್ರ ಬಾಯಿ ಬಿಡಲಿಲ್ಲ.

ಇನ್ಸ್‌ಪೆಕ್ಟರು ಜೀಪು ಬಿಟ್ಟು, ಸೀಟಿ ಊದುತ್ತ ಓಡಿ ಬಂದರು. ಸಾಲಿನ ಉದ್ದಕ್ಕೂ ಹೋಗಿ ಒಂದೊಂದು ವಾಹನದ ಮೂತಿಗೂ ಕಿವಿ ಇಟ್ಟರು. ಎಲ್ಲವೂ ಕೂಗುತ್ತಿದ್ದವು. ವಕೀಲರದು ಎಲ್ಲಕ್ಕಿಂತ ಹೆಚ್ಚು. ಕೊನೆಗೆ ರಾಯರ ಕಾರಿನ ಮುಂದೆ ಬಂದು ನಿಂತರು. ಇಡೀ ಊರು ಬೊಬ್ಬೆ ಹಾಕುತ್ತಿರುವಾಗ ಆ ಒಂದು ಕಾರು ಮೌನವಾಗಿತ್ತು.

ಇನ್ಸ್‌ಪೆಕ್ಟರ ಕಣ್ಣಲ್ಲಿ ನೀರು ಬಂತು. ಕೆಲವೇ ನಿಮಿಷದ ಹಿಂದೆ ತಮ್ಮ ಕಿವಿಯಾರೆ ಕೇಳಿದ್ದರಲ್ಲ, ಎಂಥ ಗಟ್ಟಿ ಹಾರ್ನ್ ಅದು! ಅಂಥದ್ದನ್ನು ಇಟ್ಟುಕೊಂಡೂ! ಅವರು ಮೈಕಿಗಾಗಿ ಕೂಗಿದರು.

“ಮಹನೀಯರೇ! ನೀವೆಲ್ಲ ಹೊಡೆದಿರಿ. ವಕೀಲರೂ ಹೊಡೆದರು. ಇವರೊಬ್ಬರು, ಇವರೊಬ್ಬರೇ, ಹೊಡೆಯಲಿಲ್ಲ! ಇವರ ಕೈ ನೋಡಿ, ಸಂಕಟದಿಂದ ಹೇಗೆ ನಡುಗುತ್ತಿದೆ! ಆದರೂ ಹೊಡೆಯಲಿಲ್ಲ!”

ಒಂದೊಂದೇ ಹಾರ್ನ್ ನಾಚಿ ನಿಂತಿತು. ಜನ ಇಳಿದು ಬಂದು ಕಾರಿನ ಸುತ್ತ ಸೇರಿದರು. ಲಾರಿಯವನು ತಲೆಯ ಮೇಲಿನ ಬಟ್ಟೆ ತೆಗೆದ. ಫಲಕ ಬಂತು. ಫೋಟೋ ತೆಗೆಯುವವನು ಮುಂದಿನ ಗಾಜಿಗೆ ಕ್ಯಾಮೆರಾ ಹಿಡಿದ.

ರಾಯರು ಇದಾವುದನ್ನೂ ನೋಡಿರಲಿಲ್ಲ. ಹಿಂದಿನ ಕನ್ನಡಿಯಲ್ಲಿ ವಕೀಲರನ್ನು ದುರುಗುಟ್ಟಿ ನೋಡುತ್ತ ಇನ್ನೂ ಗುದ್ದುತ್ತಿದ್ದರು.

ಹೆಂಡತಿ ಪಕ್ಕದಿಂದ ಕೈ ಚಾಚಿದಳು. ಗುದ್ದಿ ಗುದ್ದಿ ಕೆಂಪಾಗಿದ್ದ ಆ ಮುಷ್ಟಿಯನ್ನು ಸ್ಟೀರಿಂಗಿನ ಮೇಲಿಂದ ಎತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸೆರಗಿನ ಮರೆಯಲ್ಲಿ ತನ್ನ ಮಡಿಲಿಗೆ ಇಟ್ಟುಕೊಂಡು ಅದುಮಿ ಹಿಡಿದಳು.

“ಫೋಟೋ ತೆಗೀತಿದ್ದಾರೆ. ಮುಂದೆ ನೋಡಿ ನಗಿ” ಎಂದಳು ತುಟಿ ಅಲುಗಿಸದೆ. “ಕಾರು ಇರ್ಲಿ, ವಾಪಸ್ ಕೊಡೋದು ಬೇಡ. ಆ ಹಾರ್ನನ್ನ ಮಾತ್ರ ನೀವು ಯಾವತ್ತಾದ್ರೂ ಸರಿಮಾಡಿದ್ರೋ, ಅವತ್ತು ಬಸ್ಸು.”

ರಾಯರು ಮುಂದೆ ನೋಡಿ ನಕ್ಕರು.